ಬೆಂಕಿಪೊಟ್ಟಣದಷ್ಟು ಬಾಂಬು: ಜಪಾನಿನ ಪ್ರಧಾನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಧಾನಮಂತ್ರಿಗಳಿಗೆ ನಮಸ್ಕಾರಗಳು.

ನಾನು ಟೋಕಿಯೋದಲ್ಲಿ ದುಡಿದು ಬದುಕುತ್ತಿರುವ ಕನ್ನಡಿಗ. ಪ್ರತಿ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಪ್ರಧಾನಿಗಳು ಮಾಡುವ ಭಾಷಣವನ್ನು ತಪ್ಪದೆ ಕೇಳುತ್ತೇನೆ. ಯುದ್ಧದಲ್ಲಿ ಅಣುಬಾಂಬಿಗೆ ತುತ್ತಾದ ಏಕೈಕ ದೇಶ ನಮ್ಮದು ಎಂಬ ಮಾತು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ನಿಜ. ಆದರೆ ಆ ಬಾಂಬಿನ ವಿಚಾರ ಜಪಾನಿಗೆ ಮೊದಲೇ ಗೊತ್ತಿತ್ತು, ಜಪಾನೂ ಅದನ್ನು ಮಾಡಲು ಹೊರಟಿತ್ತು ಎಂಬುದೂ ನಿಜ. ಈ ಮಾತನ್ನೂ ತಾವು ಅದೇ ವೇದಿಕೆಯಲ್ಲಿ ಆಡಬೇಕೆಂದು ಕೇಳಿಕೊಳ್ಳುತ್ತಿದ್ದೇನೆ.

1940ರಲ್ಲೇ ಜಪಾನಿನ ಸೇನೆಯ ಅಧಿಕಾರಿ ಯಾಸುದಾ ತಾಕೆಓ ಅಣುಬಾಂಬು ಸಾಧ್ಯವೇ ಎಂದು ವರದಿ ತರಿಸಿಕೊಂಡಿದ್ದರು. ಕೋಪನ್‌ಹೇಗನ್‌ನಲ್ಲಿ ಹೆಸರಾಂತ ಭೌತವಿಜ್ಞಾನಿ ನೀಲ್ಸ್ ಬೋರ್ ಜೊತೆ ಕೆಲಸ ಮಾಡಿ ಬಂದಿದ್ದ ವಿಜ್ಞಾನಿ ನಿಶಿನಾ ಯೋಶಿಯೊ ಟೋಕಿಯೋದ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ಸೇನೆಗಾಗಿ 'ನಿ-ಗೋ' ಎಂಬ ಅಣುಬಾಂಬು ಯೋಜನೆ ನಡೆಸಿದರು. ಕ್ಯೋಟೋದಲ್ಲಿ ವಿಜ್ಞಾನಿ ಅರಕಾತ್ಸು ಬುನ್ಸಾಕು ಇದೇ ಕೆಲಸಕ್ಕೆ ನೌಕಾದಳಕ್ಕಾಗಿ ದುಡಿದರು. ಬಾಂಬು ಸಾಧ್ಯ, ಆದರೆ ಅಮೆರಿಕಕ್ಕೂ ಈ ಯುದ್ಧ ಮುಗಿಯುವುದರೊಳಗೆ ಆಗಲಾರದು ಎಂದು ನೌಕಾದಳದ ತಜ್ಞರ ಸಮಿತಿ 1943ರಲ್ಲಿ ತೀರ್ಮಾನಿಸಿ ಎದ್ದಿತು. ನೈಸರ್ಗಿಕ ಯುರೇನಿಯಂನಲ್ಲಿ ನೂರಕ್ಕೆ 0.7ರಷ್ಟು ಮಾತ್ರ ಇರುವ, ಬಾಂಬಿಗೆ ಬೇಕಾದ ಯುರೇನಿಯಂ-235 ಎಂಬ ಬಗೆಯನ್ನು ಬೇರ್ಪಡಿಸಲು ರಿಕೆನ್‌ನವರು ಹೆಣಗಿದರು, ಕೈಗೂಡಲಿಲ್ಲ. 1945ರ ಏಪ್ರಿಲ್‌ನ ವಾಯುದಾಳಿಯಲ್ಲಿ ಬೇರ್ಪಡಿಸುವ ಉಪಕರಣವಿದ್ದ ಕಟ್ಟಡವೇ ಸುಟ್ಟುಹೋಯಿತು.

ನನ್ನನ್ನು ಕಾಡುವುದು ಬೇರೆ ಸಂಗತಿ. 1944ರ ಫೆಬ್ರವರಿಯಲ್ಲಿ ಹಿರಿಯ ವಿಜ್ಞಾನಿ ತನಕಾದತೆ ಐಕಿತ್ಸು ಸಂಸತ್ತಿನ ಮೇಲ್ಮನೆಯಲ್ಲಿ ನಿಂತು, ಬೆಂಕಿಪೊಟ್ಟಣದಷ್ಟು ಯುರೇನಿಯಂ ಒಂದು ಯುದ್ಧನೌಕೆಯನ್ನೇ ಮುಳುಗಿಸಬಲ್ಲದು ಎಂಬರ್ಥದ ಮಾತಾಡಿದರು. ಆ ಬೆಂಕಿಪೊಟ್ಟಣ ಊರೂರು ಸುತ್ತಿತು. ಫುಕುಶಿಮಾ ಪ್ರಾಂತ್ಯದ ಇಶಿಕಾವಾದಲ್ಲಿ 1945ರಲ್ಲಿ ಶಾಲಾ ಹುಡುಗರನ್ನು ತರಗತಿಯಿಂದ ಎಬ್ಬಿಸಿ ಯುರೇನಿಯಂ ಅದಿರು ಅಗೆಯಲು ಗುಡ್ಡಕ್ಕೆ ಕಳಿಸಿದರು. ಹುಲ್ಲಿನ ಚಪ್ಪಲಿ ಮೆಟ್ಟಿಕೊಂಡು, ಗುದ್ದಲಿ ಹಿಡಿದು ಕಲ್ಲು ಒಡೆದ ಆ ಮಕ್ಕಳಿಗೆ ಅಧಿಕಾರಿಯೊಬ್ಬ ಹೇಳಿದ್ದೂ ಅದೇ ಬೆಂಕಿಪೊಟ್ಟಣದ ಕಥೆ. ಈ ಸಲ ಅದರಿಂದ ನಾಶವಾಗಬೇಕಿದ್ದದ್ದು ನ್ಯೂಯಾರ್ಕ್.

ಅಂದರೆ ಬಾಂಬಿನ ಸುದ್ದಿ ಜನರ ಕಿವಿಗೂ ಬಿದ್ದಿತ್ತು. ಆದರೆ ಬಿದ್ದದ್ದು ಶತ್ರುವಿನ ಊರು ಸುಡುವ ಕನಸಾಗಿ. ಅದು ನಿಮ್ಮ ತಲೆಯ ಮೇಲೂ ಬೀಳಬಹುದು ಎಂದು ಯಾರೂ ಅವರಿಗೆ ಹೇಳಲಿಲ್ಲ. ಆಗಸ್ಟ್ 6ರ ಬೆಳಗ್ಗೆ 8:15ಕ್ಕೆ ಅದು ಬಿದ್ದಾಗ ಹಿರೋಶಿಮಾದವರ ಬಳಿ ಅದಕ್ಕೊಂದು ಹೆಸರೂ ಇರಲಿಲ್ಲ. ಫಳ್ಳೆಂದ ಬೆಳಕಿಗೆ 'ಪಿಕಾ', ಢಮ್ಮೆಂದ ಸದ್ದಿಗೆ 'ದೋನ್' ಎಂದು ಸೇರಿಸಿ 'ಪಿಕಾದೋನ್' ಎಂದು ತಾವೇ ಕರೆದುಕೊಂಡರು. ಪತ್ರಿಕೆಗಳು 'ಹೊಸ ಬಗೆಯ ಬಾಂಬು' ಎಂದಷ್ಟೇ ಬರೆದವು. 8ರಂದು ನಿಶಿನಾ ವಿಮಾನದಲ್ಲಿ ಹೋಗಿ ಸುಟ್ಟ ಊರನ್ನು ಕಂಡರು. ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಬಳಸದೆ ಇಟ್ಟಿದ್ದ ಎಕ್ಸ್‌ರೇ ಫಿಲ್ಮುಗಳು ಬಾಂಬಿನ ವಿಕಿರಣ ತಗುಲಿ ಕಪ್ಪಿಟ್ಟಿದ್ದವು. ಐದು ವರ್ಷ ಕಾಗದದ ಮೇಲೆ ಲೆಕ್ಕ ಹಾಕಿದ್ದು ಎದುರಿಗಿತ್ತು. ಮರುದಿನವೇ ನಾಗಾಸಾಕಿ.

ಇದನ್ನು ಹೇಳಿದರೆ ಅಮೆರಿಕದ ಹೊಣೆ ಗುಲಗಂಜಿಯಷ್ಟೂ ಕಡಿಮೆಯಾಗದು. ಸತ್ತವರ ಮೇಲೆ ತಪ್ಪು ಹೊರಿಸಿದಂತೆಯೂ ಆಗದು. ಬಾಂಬಿನಿಂದ ಬದುಕುಳಿದವರ ಸಂಘಟನೆಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಷ್ಟಾಗಿಯೂ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿಲ್ಲ. ಆ ಬಗ್ಗೆ ಅವರೇ ತಮ್ಮನ್ನು ಕೇಳುತ್ತಿದ್ದಾರೆ, ನಾನು ದನಿಗೂಡಿಸುತ್ತೇನೆ ಅಷ್ಟೆ.

ಇಶಿಕಾವಾದಲ್ಲಿ ಕಲ್ಲು ಒಡೆದ ಹುಡುಗರಲ್ಲಿ ಬದುಕಿರುವವರಿಗೆ ಈಗ ತೊಂಬತ್ತು ದಾಟಿದೆ. ಬರುವ ಆಗಸ್ಟ್ 6ಕ್ಕೆ ಅವರನ್ನು ಹಿರೋಶಿಮಾಕ್ಕೆ ಕರೆಸಿ, ಅವರಿಂದ ಏನು ಅಗೆಸಿದೆವು, ಯಾತಕ್ಕಾಗಿ ಅಗೆಸಿದೆವು ಎಂಬುದನ್ನು ಅವರ ಎದುರಿನಲ್ಲೇ ತಾವು ಹೇಳಬೇಕು.

ವಿಶ್ವಾಸದಿಂದ,
ಟೋಕಿಯೋದ ಒಬ್ಬ ಕನ್ನಡಿಗ