ಗುಲಾಬಿ ಡಬ್ಬಿಯ ಹಿಂದಿನ ಮೇಜರ್

ಪ್ರೀತಿಯ ಗೆಳೆಯಾ,

ಕ್ಯಾಲಿಫೋರ್ನಿಯಾದ ನಿಮ್ಮ ಆರೆಂಜ್ ಕೌಂಟಿಯಲ್ಲಿ ಯಾವ ಡೋನಟ್ ಅಂಗಡಿಗೆ ಹೋದರೂ ಗಲ್ಲಾದಲ್ಲಿ ಕಾಂಬೋಡಿಯಾದವರೇ ಯಾಕೆ, ಡಬ್ಬಿ ಯಾಕೆ ಗುಲಾಬಿ ಬಣ್ಣದ್ದು ಅಂತ ಕೇಳಿದ್ದೆಯಲ್ಲ. ಎರಡಕ್ಕೂ ಬುನ್ ಟೆಕ್ ನ್ಗೋಯ್ ಅವರಿಂದಲೇ ಶುರು ಮಾಡಬೇಕು. ಅಮೆರಿಕದಲ್ಲಿ ಅವರು ಟೆಡ್ ನ್ಗೋಯ್.

ಥಾಯ್ ಗಡಿ ಹತ್ತಿರದ ಸಿಸೊಫೊನ್ ಅವರ ಊರು. 1970ರಲ್ಲಿ ಯುದ್ಧ ಹತ್ತಿಕೊಂಡಾಗ ಲೋನ್ ನೋಲ್ ಸರ್ಕಾರದ ಸೈನ್ಯ ಸೇರಿದರು, ಮೇಜರ್ ಆದರು, ಬ್ಯಾಂಕಾಕಿನ ರಾಯಭಾರ ಕಚೇರಿಗೆ ಸೇನೆಯ ಪ್ರತಿನಿಧಿಯಾಗಿ ಹೋದರು. ಜೀವ ಉಳಿದದ್ದು ಅದರಿಂದಲೇ. 1975ರ ಏಪ್ರಿಲ್ 17ಕ್ಕೆ ರಾಜಧಾನಿ ನೋಮ್ ಪೆನ್ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಬಂಡುಕೋರರ ಕೈಗೆ ಬಿತ್ತು. ಊರಲ್ಲಿ ಸಿಕ್ಕಿದ ಆ ಸೈನ್ಯದ ಅಧಿಕಾರಿಗಳನ್ನು ಖ್ಮೇರ್ ರೂಜ್ ಹುಡುಕಿ ಹುಡುಕಿ ಕೊಂದಿತು.

ಹೆಂಡತಿ ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್ ಸೇನಾ ನೆಲೆಯ ನಿರಾಶ್ರಿತರ ಡೇರೆಗಳಿಗೆ ಬಂದಿಳಿದರು. ಅಲ್ಲಿಂದ ಹೊರಬೀಳಬೇಕಾದರೆ ಊಟ, ವಸತಿಗೆ ಯಾರಾದರೂ ಹೊಣೆ ಹೊರಬೇಕಿತ್ತು. ಟಸ್ಟಿನ್‌ನ ಒಂದು ಲೂಥರನ್ ಚರ್ಚ್ ಹೊತ್ತಿತು. ಮೇಜರ್ ಸಾಹೇಬರು ಹಗಲು ಚರ್ಚ್ ಗುಡಿಸಿದರು, ರಾತ್ರಿ ಪೆಟ್ರೋಲ್ ಬಂಕ್ ಕಾದರು. ಡೋನಟ್ ವಾಸನೆ ಮೂಗಿಗೆ ಬಡಿದದ್ದು ಆ ಬಂಕಿನಲ್ಲಿ. ತಿಂದು ನೋಡಿದರೆ ತಮ್ಮೂರಿನ ನೊಮ್ ಕೊಂಗ್ ನೆನಪಾಯಿತಂತೆ. ಅಕ್ಕಿಹಿಟ್ಟಿನ ಬಳೆ ಕರಿದು, ತಾಳೆ ಬೆಲ್ಲದ ಪಾಕ ಹಾಕಿ, ಎಳ್ಳು ಉದುರಿಸುವ ತಿಂಡಿ ಅದು. ನಮ್ಮ ಕಜ್ಜಾಯಕ್ಕೆ ದೂರದ ನಂಟು ಅನ್ನು.

ವಿಂಚೆಲ್ಸ್ ಅನ್ನುವ ಡೋನಟ್ ಕಂಪನಿಯಲ್ಲಿ ಕೆಲಸ ಕಲಿತು, 1977ರಲ್ಲಿ ಲಾ ಹಾಬ್ರಾದಲ್ಲಿ ಕ್ರಿಸ್ಟೀಸ್ ಅನ್ನುವ ಅಂಗಡಿ ಕೊಂಡರು.

ಈ ಕೆಲಸಕ್ಕೆ ಇಂಗ್ಲಿಷ್ ಅಷ್ಟಾಗಿ ಬೇಡ, ನಿದ್ದೆಗೆಡುವ ಮೈ ಬೇಕು. ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯಬೇಕಾದರೆ ನಡುರಾತ್ರಿಗೇ ಹಿಟ್ಟು ಕಲಸಬೇಕು. ಯೀಸ್ಟ್ ಹಾಕಿದ ಹಿಟ್ಟನ್ನು ಲಟ್ಟಿಸಿ, ಬಳೆಯಾಗಿ ಕತ್ತರಿಸಿ, ಬೆಚ್ಚಗೆ ಹಬೆಯಾಡುವ ಕಪಾಟಿನಲ್ಲಿ ಮುಕ್ಕಾಲು ಗಂಟೆಯವರೆಗೆ ಉಬ್ಬಲು ಬಿಡುತ್ತಾರೆ. ಬೆರಳಲ್ಲಿ ಒತ್ತಿದ ಗುಳಿ ನಿಧಾನವಾಗಿ ಮೇಲೇಳಬೇಕು. ಥಟ್ಟನೆ ಎದ್ದರೆ ಇನ್ನೂ ಹದ ಬಂದಿಲ್ಲ, ಕರಿದಾಗ ಗಟ್ಟಿಯಾಗುತ್ತದೆ. ಏಳಲೇ ಇಲ್ಲವೋ, ಹದ ಮೀರಿದೆ. ಎಣ್ಣೆಗೆ ಬಿದ್ದೊಡನೆ ಕುಸಿದು ಎಣ್ಣೆ ಕುಡಿಯುತ್ತದೆ. ಎಣ್ಣೆ 190 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು, ಒಂದೊಂದು ಬದಿಗೂ ಸುಮಾರು ಒಂದು ನಿಮಿಷ. ಒಂದೇ ಸಲಕ್ಕೆ ಜಾಸ್ತಿ ಬಿಟ್ಟರೆ ಎಣ್ಣೆ ತಣ್ಣಗಾಗಿ ಜಿಡ್ಡು ಹತ್ತುತ್ತದೆ. ಸರಿಯಾದ ಡೋನಟ್‌ನ ನಡುವಿಗೆ ಬಿಳಿಯ ಪಟ್ಟಿ ಕಟ್ಟಿರುತ್ತದೆ: ಹಿಟ್ಟು ಹಗುರವಾಗಿ ತೇಲಿದ್ದರಿಂದ ಆ ಭಾಗ ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಕೊಳ್ಳುವಾಗ ಅದನ್ನೇ ನೋಡು.

ಗಂಡ ಒಲೆಯ ಮುಂದೆ, ಹೆಂಡತಿ ಗಲ್ಲಾದಲ್ಲಿ, ಶಾಲೆ ಮುಗಿಸಿ ಬಂದ ಮಕ್ಕಳು ಡಬ್ಬಿ ಮಡಚಲು. ಸಂಬಳದ ಆಳಿಲ್ಲ. ಇಷ್ಟು ಸಣ್ಣ ಲಾಭದ ವ್ಯಾಪಾರ ಉಳಿದದ್ದು ಈ ಲೆಕ್ಕದಿಂದ, ಮತ್ತು ಆ ಮನೆಗಳ ದಣಿವಿನಿಂದ. ಡಬ್ಬಿಯ ಬಣ್ಣವೂ ಅದೇ ಲೆಕ್ಕದ್ದು. ಬಿಳಿಯದಕ್ಕಿಂತ ಗುಲಾಬಿ ರಟ್ಟು ಕೆಲವು ಸೆಂಟ್ ಅಗ್ಗವಾಗಿತ್ತು.

ನ್ಗೋಯ್ ಅವರಿಂದ ಆದ ದೊಡ್ಡ ಕೆಲಸ ಇದಾದ ಮೇಲಿನದು. ಹೊಸ ಹೊಸ ಅಂಗಡಿ ಕೊಂಡು, ಆಮೇಲೆ ಬಂದ ನಿರಾಶ್ರಿತ ಕುಟುಂಬಗಳಿಗೆ ಕೆಲಸ ಕಲಿಸಿ, ಗುತ್ತಿಗೆಗೆ ಕೊಟ್ಟರು. ತಾವು ಕಸಬರಿಕೆಯಿಂದ ಶುರು ಮಾಡಿದ್ದರು, ಆ ಜನ ಒಲೆಯಿಂದ ಶುರು ಮಾಡುವಂತಾಯಿತು. ಬ್ಯಾಂಕ್ ಸಾಲ ಹುಟ್ಟದವರಿಗೆ ಬಂಡವಾಳ ಒದಗಿಸಿದ್ದು ತೊಂಗ್ ತಿನ್, ಅಂದರೆ ನಮ್ಮ ಚೀಟಿಯೇ. ಉದಾಹರಣೆಗೆ 20 ಜನ, ತಿಂಗಳಿಗೆ 500 ಡಾಲರ್. ತುರ್ತಿದ್ದವನು 60 ಡಾಲರ್ ಕೂಗಿ ಚೀಟಿ ಎತ್ತಿದರೆ, ಇನ್ನೂ ಎತ್ತದವರು ಆ ತಿಂಗಳು 440 ಕಟ್ಟುತ್ತಾರೆ. ಎತ್ತಿದವನು ಕೊನೆಯವರೆಗೂ ಪೂರ್ತಿ 500 ಕಟ್ಟುತ್ತಾನೆ. ಕಾಗದ ಪತ್ರ ಇಲ್ಲ, ಮಾತೇ ಜಾಮೀನು. ಮೊದಲೇ ಎತ್ತಿದವನು ಪರಾರಿಯಾದರೆ ಆ ಹೊರೆ ಚೀಟಿ ನಡೆಸುವವನ ತಲೆಗೆ.

1980ರ ದಶಕದ ನಡುವಿಗೆ ನ್ಗೋಯ್ ಹತ್ತಿರ ಸುಮಾರು 50 ಅಂಗಡಿಗಳು. ಆಮೇಲೆ ಲಾಸ್ ವೇಗಸ್ಸಿನ ಜೂಜು ಹಿಡಿಯಿತು, ಅಂಗಡಿಗಳು ಒಂದೊಂದೇ ಹೋದವು. 1993ರಲ್ಲಿ ಕಾಂಬೋಡಿಯಾಕ್ಕೆ ಮರಳಿ, ಪಕ್ಷ ಕಟ್ಟಿ ಚುನಾವಣೆಗೆ ನಿಂತರು, ಒಂದು ಸೀಟೂ ಬರಲಿಲ್ಲ. ಆದರೆ ಅವರು ಕೆಲಸ ಕಲಿಸಿದವರು, ಅವರಿಂದ ಕಲಿತವರು ಡೋನಟ್ ವ್ಯಾಪಾರದಲ್ಲಿ ನೆಲೆ ನಿಂತರು. ನೀನು ದಿನಾ ನೋಡುತ್ತಿರುವುದು ಆ ಬಳ್ಳಿಯನ್ನೇ.

ಏಪ್ರಿಲ್ ನಡುವೆ, ತುಳುನಾಡಿನವರು ಬಿಸು ಆಚರಿಸುವ ಹೊತ್ತಿಗೇ ಖ್ಮೇರರ, ಅಂದರೆ ಕಾಂಬೋಡಿಯಾದವರ, ಹೊಸ ವರ್ಷ. ಅಂಗಡಿಯ ಅಮ್ಮನಿಗೆ 'ಸುಸ್ದೈ ಛ್ನಾಂ ಥ್ಮೈ' (ಹೊಸ ವರ್ಷದ ಶುಭಾಶಯ) ಅನ್ನು, ಖುಷಿಪಡುತ್ತಾರೆ. ಹಬ್ಬದ ಬೆನ್ನಿಗೇ ನೋಮ್ ಪೆನ್ ಬಿದ್ದ 17ನೇ ತಾರೀಖು ಬರುತ್ತದೆ. ಅದರ ಬಗ್ಗೆ ಅವರಾಗಿ ಬಾಯಿ ಬಿಡುವ ತನಕ ಕೇಳಬೇಡ.

ಇಂತಿ ನಿನ್ನ
ಗೆಳೆಯ