ಜ್ವರದ ಬ್ರೆಡ್ಡು

ಟ್ಯೂಬಿಂಗನ್, ಜರ್ಮನಿ

ಪ್ರೀತಿಯ ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹೇಗಿದೆ? ಸಕಲೇಶಪುರದ ಕಡೆ ಮಳೆ ಜಾಸ್ತಿ ಅಂತ ತಮ್ಮ ಹೇಳಿದ. ತೋಟದಲ್ಲಿ ಹುಷಾರಾಗಿ ಓಡಾಡಿ.

ಹೋದ ಶನಿವಾರ ಪಕ್ಕದ ಹಳ್ಳಿಗೆ ಹೋಗಿದ್ದೆ. ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿದ ಸೌದೆ ಒಲೆ ಇರುತ್ತದೆ, ಬಾಕ್‌ಹೌಸ್ ಅನ್ನುತ್ತಾರೆ. ಒಬ್ಬ ಅಜ್ಜಿ ಕೆಂಡ ಎಳೆದು, ಒದ್ದೆ ಬಟ್ಟೆಯಲ್ಲಿ ಒಲೆಯ ನೆಲ ಒರೆಸಿ, ಒಂದು ಚಿಟಿಕೆ ಹಿಟ್ಟು ಒಳಗೆ ಎರಚಿದರು. ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಬೇಕರಿ ಸಾಬರು ಹೀಗೇ ಮಾಡುತ್ತಿದ್ದರು, ಅಲ್ವಾ? ಹಿಟ್ಟು ತಕ್ಷಣ ಕಪ್ಪಾದರೆ ಕಾವು ಜಾಸ್ತಿ, ಕಾಯಬೇಕು. ನಿಧಾನವಾಗಿ ಕೆಂಪಾದರೆ ಬ್ರೆಡ್ಡು ಇಡಬಹುದು.

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳವರಲ್ಲಿ ಎಷ್ಟೋ ಜನ ನಮ್ಮ ಹಾಸನ ಜಿಲ್ಲೆಯವರೇ ಅಂತ ಇಲ್ಲಿ ಹೆಮ್ಮೆಯಿಂದ ಹೇಳುತ್ತಿರುತ್ತೇನೆ. ಆದರೂ ನನಗೆ ಬೇಕರಿ ಅಂದ್ರೆ ಸಾಬರದ್ದೇ. ಕಾಫಿ ಬೊಡ್ಡೆ, ಸಿಲ್ವರ್ ಓಕ್ ಕೊಂಬೆ ಉರಿಯುವ ಆ ಭಟ್ಟಿ. ಮೊದಲ ಕಾವಿಗೆ ಬ್ರೆಡ್ಡು, ಆಮೇಲೆ ಬೆಣ್ಣೆ ಬಿಸ್ಕತ್ತು, ಕೊನೆಯ ಕಾವಿನಲ್ಲಿ ರಾತ್ರಿಯಿಡೀ ರಸ್ಕು. ಮಳೆಗಾಲದಲ್ಲಿ ಹಿಟ್ಟು ಉಬ್ಬುತ್ತಲೇ ಇರಲಿಲ್ಲ. ಮರಿಗೆಗೆ ಕಂಬಳಿ ಹೊದಿಸಿ ಭಟ್ಟಿ ಪಕ್ಕ ಇಡುತ್ತಿದ್ದರು. "ಇದಕ್ಕೂ ಚಳಿ ಆಗ್ತದೆ ಮಗಾ" ಅನ್ನುತ್ತಿದ್ದರು. ಈಗ ಚಳಿಗಾಲದಲ್ಲಿ ನಾನೂ ಹಿಟ್ಟಿಗೆ ಶಾಲು ಹೊದಿಸುತ್ತೇನೆ.

ಇಲ್ಲಿ ರಾತ್ರಿ ಊಟಕ್ಕೇ ಆಬೆಂಡ್‌ಬ್ರೋಟ್, ಅಂದರೆ ಸಂಜೆಯ ಬ್ರೆಡ್ಡು, ಅನ್ನುತ್ತಾರೆ. ನಮ್ಮನೇಲಿ ಬ್ರೆಡ್ಡು ಅಂದ್ರೆ ಜ್ವರ. ಬಿಸಿ ಹಾಲಲ್ಲಿ ಅದ್ದಿ, ಸಕ್ಕರೆ ಉದುರಿಸಿ ನೀನು ತಿನ್ನಿಸುತ್ತಿದ್ದೆ. ಮೂರನೇ ಕ್ಲಾಸಿನಲ್ಲಿ ನನಗೆ ಜ್ವರ ಬಂದ ರಾತ್ರಿ ನೆನಪಿದೆಯಾ? ಎರಡು ದಿನದಿಂದ ಏನೂ ಸೇರಿರಲಿಲ್ಲ. ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಹೋದರು. ಅಂಗಡಿಯಲ್ಲಿ ಬ್ರೆಡ್ಡು ಖಾಲಿ. ಸಾಬರು ಬೆಳಗಿನ ಹಿಟ್ಟಿನಿಂದ ಒಂದು ಉಂಡೆ ಕಿತ್ತು, ನನಗೊಬ್ಬಳಿಗೇ ಅಂತ ಸುಟ್ಟು ಕೊಟ್ಟರು. ಕಾಗದ ಬಿಚ್ಚಿದಾಗ ಇನ್ನೂ ಬಿಸಿ ಇತ್ತು. ದುಡ್ಡು ತಗೊಳ್ಳಲಿಲ್ಲವಂತೆ.

ನಾನು ಅವರಿಗೆ ಒಂದು ಮಾತೂ ಹೇಳಲಿಲ್ಲ ಅಮ್ಮ. ಭಟ್ಟಿ ಆರಿದ ಮೇಲೆ ಮನೆಯಲ್ಲೇ ಇರುತ್ತಾರೆ ಅಂದಿದ್ದೆಯಲ್ಲ, ಒಮ್ಮೆ ಹೋಗಿ ಬಾ. ಆ ಬ್ರೆಡ್ಡು ನನಗೆ ಇನ್ನೂ ನೆನಪಿದೆ ಅಂತ ಹೇಳು. ಹಿಟ್ಟು ಎರಚಿ, ಅದು ಕೆಂಪಾಗುವವರೆಗೆ ಎಷ್ಟು ಎಣಿಸುತ್ತಿದ್ದರು ಅಂತಲೂ ಕೇಳು. ಅಜ್ಜಿ ಮುಂದಿನ ಶನಿವಾರ ಒಲೆ ನನ್ನ ಕೈಗೆ ಕೊಡುತ್ತಾರಂತೆ.

ನಿನ್ನ ಮಗಳು