ಉಬ್ಬಸದ ಪಂಪು ಬದಲಿಸಿ ಕೊಡಬೇಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಉಬ್ಬಸದವರ ಪಾಡು ಹೇಳತೀರದು. ಗೋಡೆಗೆಲ್ಲ ಬೂಷ್ಟು, ಕಂಬಳಿಗೆ ಮುಗ್ಗಲು ವಾಸನೆ, ಬಚ್ಚಲೊಲೆಯಲ್ಲಿ ಹಸಿ ಸೌದೆ ಹೊಗೆ. ಅದು ಮುಗಿಯುವಷ್ಟರಲ್ಲಿ ಕೊನೆಕೊಯ್ಲು, ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಲ್ಲುವ ಕೆಲಸ. ನಮ್ಮ ಕಡೆ ಹೆಚ್ಚಿನವರು ಇದನ್ನೆಲ್ಲ ಸಾಲ್ಬುಟಮಾಲ್‌ನ ನೀಲಿ ಪಂಪೊಂದನ್ನೇ ನಂಬಿ ದಾಟುತ್ತಾರೆ. ಅದು ಕಟ್ಟಿದ ಉಸಿರನ್ನು ಬಿಡಿಸುತ್ತದೆ ನಿಜ, ಆದರೆ ಶ್ವಾಸನಾಳದ ಒಳಗಿನ ಊತವನ್ನು ಮುಟ್ಟುವುದಿಲ್ಲ. ಹಾಗಾಗಿಯೇ ದೊಡ್ಡವರಿಗೂ 12 ವರ್ಷ ದಾಟಿದ ಮಕ್ಕಳಿಗೂ ಅದೊಂದನ್ನೇ ಕೊಡುವುದು ಬೇಡವೆಂದು ಅಸ್ತಮಾ ಕುರಿತ ಜಾಗತಿಕ ಸಂಸ್ಥೆ 'ಜಿನಾ' 2019ರಲ್ಲೇ ಹೇಳಿದೆ.

ನನಗೆ ಶಿವಮೊಗ್ಗದ ಡಾಕ್ಟರು ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿರುವ ಒಂದೇ ಪಂಪು ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ನಡುವೆ ದಮ್ಮು ಕಟ್ಟಿದರೆ ಅದರಲ್ಲೇ ಇನ್ನೊಂದು ಎಳೆದುಕೊಳ್ಳಬೇಕು. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಕೆಲಸ ಶುರುಮಾಡಿ ಸುಮಾರು 12 ಗಂಟೆ ಉಳಿಯುತ್ತದೆ. ಜೊತೆಗಿರುವ ಬುಡೆಸೊನೈಡ್ ಊತ ಇಳಿಸುತ್ತದೆ. ಕಾಯಿಲೆ ಜೋರಾದ ದಿನ ಊತದ ಮದ್ದೂ ತಾನಾಗಿ ಹೆಚ್ಚು ಒಳಗೆ ಹೋಗುತ್ತದೆ, ಇದೇ ಇದರ ದೊಡ್ಡ ಅನುಕೂಲ. ಹಾಗೆಂದು ಲೆಕ್ಕವಿಲ್ಲದೆ ಎಳೆಯುವಂತಿಲ್ಲ. ನನ್ನಂತೆ 6 ಮೈಕ್ರೋಗ್ರಾಂ ಫಾರ್ಮೊಟೆರಾಲ್ ಇರುವ ಪಂಪು ಬಳಸುವ ದೊಡ್ಡವರಿಗೆ ಎಲ್ಲ ಸೇರಿ ದಿನಕ್ಕೆ 12 ಸಲ ಎಳೆಯುವುದೇ ಮಿತಿ. ಅಲ್ಲಿಯವರೆಗೆ ಬಂತೆಂದರೆ ಆಸ್ಪತ್ರೆಗೆ ಹೊರಡಲೇಬೇಕು. ಬೆಳಿಗ್ಗೆ, ರಾತ್ರಿ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಹುಣ್ಣಾಗಬಹುದು.

ಈಗ ನನ್ನ ದೂರಿಗೆ ಬರುತ್ತೇನೆ. ಮೊನ್ನೆ ಮೆಡಿಕಲ್ ಶಾಪೊಂದರಲ್ಲಿ ನನ್ನ ಪಂಪು ಇರಲಿಲ್ಲ. ಅಂಗಡಿಯ ಹುಡುಗ "ಇದೂ ಕಾಂಬಿನೇಷನ್ನೇ ಅಕ್ಕಾ, ಎರಡೂ ಒಂದೇ" ಎಂದು ಬೇರೊಂದನ್ನು ಮುಂದಿಟ್ಟ. ಪೆಟ್ಟಿಗೆ ತಿರುಗಿಸಿ ನೋಡಿದರೆ ಸಾಲ್ಮೆಟೆರಾಲ್. ಎರಡೂ ಒಂದೇ ಅಲ್ಲ! ಸಾಲ್ಮೆಟೆರಾಲ್ ನಿಧಾನಕ್ಕೆ ಹಿಡಿಯುವ ಮದ್ದು. ಬೆಳಿಗ್ಗೆ ಸಂಜೆಯ ಲೆಕ್ಕಕ್ಕೆ ಒಳ್ಳೆಯದೇ, ಆದರೆ ಉಸಿರು ಕಟ್ಟಿದ ಹೊತ್ತಿಗೆ ಅದನ್ನು ನಂಬುವಂತಿಲ್ಲ. ಡಾಕ್ಟರು ಚೀಟಿಯಲ್ಲಿ ಫಾರ್ಮೊಟೆರಾಲ್ ಎಂಬ ಹೆಸರಿಗೆ ಅಡಿಗೆರೆ ಹಾಕಿ ತೋರಿಸಿದ್ದರಿಂದ ನಾನು ವಾಪಸ್ ಕೊಟ್ಟೆ. ಇಂಗ್ಲಿಷ್ ಓದಲು ಬಾರದ ನಮ್ಮತ್ತೆ ಹೋಗಿದ್ದರೆ ಏನು ಗತಿ? ಅದನ್ನೇ ನಂಬಿ ನಡುರಾತ್ರಿ ಎಳೆಯುತ್ತಾ ಕೂತವರಿಗೆ, ಮಳೆಗಾಲದಲ್ಲಿ ಕರೆಂಟೂ ವಾಹನವೂ ಇಲ್ಲದ ಒಂಟಿ ಮನೆಯಲ್ಲಿ, ಯಾರು ದಿಕ್ಕು?

ಔಷಧ ಅಂಗಡಿಯವರು ಡಾಕ್ಟರನ್ನು ಕೇಳದೆ ಇಂಥ ಪಂಪನ್ನು ಬದಲಿಸಿ ಕೊಡಬಾರದು. ಯಾವುದನ್ನು ಯಾವಾಗ, ಎಷ್ಟು ಎಂಬುದನ್ನು ಡಾಕ್ಟರುಗಳು ಕನ್ನಡದಲ್ಲಿ ಎರಡು ಸಾಲು ಬರೆದುಕೊಡಲಿ. ಈಗಾಗಲೇ ಬೇರೆ ಪಂಪು ಬಳಸುತ್ತಿರುವವರು ನನ್ನ ಪತ್ರ ಓದಿ ಅದನ್ನು ಬಿಡುವುದು ಬೇಡ, ಮೊದಲು ತಮ್ಮ ಡಾಕ್ಟರನ್ನು ಕೇಳಲಿ. ಬುಡೆಸೊನೈಡ್-ಫಾರ್ಮೊಟೆರಾಲ್ ಜೋಡಿ ಕೇಂದ್ರ ಸರ್ಕಾರದ 2022ರ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಇದು ವರ್ಷವಿಡೀ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ಈ ಸಲದ ದಾಸ್ತಾನು ಮುಂಗಾರಿಗೆ ಮುಂಚೆಯೇ ಬರಲಿ.

– ಅಡಿಕೆ ಬೆಳೆಗಾರ ಮಹಿಳೆ, ಹೊಸನಗರ ತಾಲ್ಲೂಕು